ಹಳೆಯ ಕಾರಿನ ಯೋಗಕ್ಷೇಮ

ಯೋಗಕ್ಷೇಮವೆಂಬ ಶಬ್ದವನ್ನು ಕಾಗದಗಳ ಮೊದಲ ಪಂಕ್ತಿಯಲ್ಲಿ ಬರೆದು ಬರೆದು ಜನರು ಅದರ ಅರ್ಥವನ್ನೇ ಸವೆಯಿಸಿಬಿಟ್ಟಿದ್ದಾರೆ. ಶಾಸ್ತ್ರಜ್ಞರಾದರೋ ಅದನ್ನು ಎರಡಾಗಿ ಬಿಡಿಸಿ ಹೇಳುವರು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕೆಡದಂತೆ ಕಾಯುವುದು ಕ್ಷೇಮ. ಇವೆರಡರಲ್ಲಿ ಯೋಗವು ಒಂದು ದಿನದ ಕೆಲಸ. ಅದಕ್ಕೆ ಹಣವೂ ಉತ್ಸಾಹವೂ ಇದ್ದರೆ ಸಾಕು. ಕ್ಷೇಮವು ಪ್ರತಿನಿತ್ಯದ ಕೆಲಸ. ಅದಕ್ಕೆ ತಾಳ್ಮೆ ಬೇಕು, ತಿಳಿವಳಿಕೆ ಬೇಕು, ನೆರವಿಗೆ ಬರುವ ಕೈಗಳು ಬೇಕು. ಬಳ್ಳಾರಿಯ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಳಿದವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಮಾಳಿಗೆಯನ್ನು ಕಟ್ಟಿಸಿದವನು ಒಮ್ಮೆ ಕಟ್ಟಿಸುತ್ತಾನೆ. ಮಳೆಗಾಲಕ್ಕೆ ಮುಂಚೆ ಅದರ ಮೇಲೆ ಚೌಳುಮಣ್ಣನ್ನು ಹರಡಿ ಬಡಿಯುವ ಕೆಲಸವು ವರ್ಷವರ್ಷವೂ ಬಂದೇ ಬರುತ್ತದೆ. ಅದನ್ನು ಒಂದು ವರ್ಷ ಮರೆತವನ ಮನೆಯೊಳಗೆ ಮಳೆಯು ಕರೆಯದೆಯೇ ಬಂದು ಕುಳಿತುಕೊಳ್ಳುತ್ತದೆ.

ಈ ವಿವೇಕವನ್ನು ಮನೆ, ಬಾವಿ, ಎತ್ತುಗಳ ವಿಷಯದಲ್ಲಿ ತೋರಿಸುವ ಗೃಹಸ್ಥರು ಮೋಟಾರು ಕಾರಿನ ವಿಷಯದಲ್ಲಿ ಮಾತ್ರ ಅದನ್ನು ಮರೆಯುವುದು ಆಶ್ಚರ್ಯ. ಅದರಲ್ಲಿಯೂ ಹಳೆಯ ಕಾರೊಂದನ್ನು ಪ್ರೀತಿಯಿಂದ ಕೊಂಡು ಇಟ್ಟುಕೊಳ್ಳಬೇಕೆಂಬ ಹವ್ಯಾಸವು ಈಚೆಗೆ ಸಾಮಾನ್ಯ ಸ್ಥಿತಿಯ ಮನೆಗಳಿಗೂ ಬಂದಿದೆ. ಧರ್ಮಸ್ಥಳದಲ್ಲಿ ಸಂಗ್ರಹಿಸಿಟ್ಟಿರುವ ಪುರಾತನ ಕಾರುಗಳನ್ನು ನೋಡಿಬಂದವರು ಅನೇಕರಿದ್ದಾರೆ. ಅಲ್ಲಿ ನೋಡಿ ಸಂತೋಷಪಡುವುದು ಸುಲಭ. ಆ ಸಂತೋಷವನ್ನು ತನ್ನ ಮನೆಯ ಅಂಗಳಕ್ಕೆ ತಂದುಕೊಳ್ಳಬೇಕೆನ್ನುವವನು ಯೋಗಕ್ಕಿಂತ ಮೊದಲು ಕ್ಷೇಮವನ್ನು ಆಲೋಚಿಸತಕ್ಕದ್ದು. ಹೇಗೆ ಆಲೋಚಿಸಬೇಕೆಂಬುದನ್ನು ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯ ಒಬ್ಬ ಗೃಹಸ್ಥರ ಉದಾಹರಣೆಯಿಂದ ತಿಳಿಯಬಹುದು.

ಕಾನಹೊಸಹಳ್ಳಿಯು ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯ ಊರು. ಹಿಂದೆ ಇದಕ್ಕೆ 13ನೆಯ ನಂಬರಿನ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರು. ಈಗ 50ನೆಯ ನಂಬರು. ಆ ಊರಿನವರು ಗಾಡಿಗಳನ್ನು ಕಾಣದವರಲ್ಲ. ಅದಿರಿನ ಲಾರಿಗಳ ಸಾಲು ಹಗಲಿರುಳೆನ್ನದೆ ಹರಿದುದನ್ನು ಕಂಡಿದ್ದಾರೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಬಳ್ಳಾರಿಯ ಗಣಿಗಳು ನಿಂತಾಗ ಆ ಸಾಲು ಕರಗಿದುದನ್ನೂ ಕಂಡಿದ್ದಾರೆ. ಅಂಥ ಊರಿನಲ್ಲಿ ಅಂಚೆಯ ಇಲಾಖೆಯಿಂದ ನಿವೃತ್ತರಾಗಿ ನೆಲೆಸಿದ ಈ ಗೃಹಸ್ಥರನ್ನು ಜನರು ಈಗಲೂ ಮಾಸ್ತರರೆಂದೇ ಕರೆಯುವರು. ಇವರಿಗೆ ನಿವೃತ್ತಿಯ ಕಾಲದಲ್ಲಿ ಒಂದು ಗಂಟು ಹಣ ಬಂದಿತು. ಅಂಥ ಗಂಟು ಜೀವಮಾನದಲ್ಲಿ ಒಂದೇ ಸಲ ಬರುವುದು. ಕರಗಿದರೆ ಮತ್ತೆ ಕೂಡುವುದಲ್ಲ. ಅದರಲ್ಲಿ ಮನೆಯ ದುರಸ್ತಿಯಾಗಬೇಕು, ಇಬ್ಬರ ಔಷಧದ ವೆಚ್ಚ ನಡೆಯಬೇಕು, ಮಿಕ್ಕುದರಲ್ಲಿ ಒಂದು ಕಾರು ಬರಬೇಕು. ಅವರ ಪತ್ನಿಗೆ ಮಂಡಿಯ ನೋವು. ಬಸ್ಸಿನ ಮೆಟ್ಟಿಲನ್ನು ಹತ್ತುವುದೇ ಆಕೆಗೆ ಒಂದು ಬೆಟ್ಟವನ್ನು ಹತ್ತಿದಂತೆ. ಆದಕಾರಣ ತೌರಿಗಾಗಲಿ, ಕೊಟ್ಟೂರಿನ ತೇರಿಗಾಗಲಿ, ಉಜ್ಜಿನಿಗಾಗಲಿ ಆಕೆ ಹೋಗುವುದು ನಿಂತೇಹೋಗಿದ್ದಿತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಹೊಸ ಕಾರನ್ನು ಕಂತಿನ ಮೇಲೆ ತೆಗೆದುಕೊಳ್ಳಿರೆಂದನು. ಸಂಬಳವು ನಿಂತ ಮೇಲೆ ಸಾಲವನ್ನು ಹೊಸದಾಗಿ ಆರಂಭಿಸುವುದು ಮಾಸ್ತರರಿಗೆ ಒಪ್ಪಲಿಲ್ಲ. ಅವರ ಮನಸ್ಸಿನಲ್ಲಿದ್ದುದು ಬೇರೊಂದು. ಬಾಲ್ಯದಲ್ಲಿ ಕಂಡ, ಮುಂದೆ ಎಂಜಿನಿನ ಮನೆ, ನಡುವೆ ಜನರ ಮನೆ, ಹಿಂದೆ ಸಾಮಾನಿನ ಮನೆ ಎಂದು ಮೂರು ಅಂಕಣವಾಗಿ ಕಟ್ಟಿದ ಸಲೂನು ಕಾರೊಂದು ತಮ್ಮ ಬಾಗಿಲಲ್ಲಿ ನಿಲ್ಲಬೇಕು. ಅದರ ಕೆಲಸವನ್ನು ತಾವೇ ಮಾಡಿಕೊಳ್ಳಬೇಕು. ಉಳಿದ ದಿನಗಳಿಗೆ ಅದೊಂದು ವ್ಯಾಸಂಗವಾಗಬೇಕು. "ಅಪ್ಪಾ, ದಾರಿಯಲ್ಲಿ ನಿಂತರೆ ಅಮ್ಮನನ್ನು ಕಟ್ಟಿಕೊಂಡು ಏನು ಮಾಡುತ್ತೀರಿ?" ಎಂದು ಮಗನು ಕೇಳಿದನು. ಪ್ರಶ್ನೆಯು ನ್ಯಾಯವಾದದ್ದು. ಅದಕ್ಕೆ ಸಿಟ್ಟಿನಿಂದ ಉತ್ತರ ಕೊಡದೆ, ಉತ್ತರವನ್ನು ಹುಡುಕಹೊರಟುದೇ ಮಾಸ್ತರರ ದೊಡ್ಡತನ.

ಹಳೆಯ ಕಾರುಗಳೆಲ್ಲವೂ ಒಂದೇ ಎಂಬುದು ತಪ್ಪು ತಿಳಿವಳಿಕೆ. ಈ ದೇಶದಲ್ಲಿ ಕಾರುಗಳು ಹುಟ್ಟಿದ ಬಗೆಯನ್ನು ತಿಳಿದರೆ ಯಾವುದಕ್ಕೆ ಕ್ಷೇಮವು ಸುಲಭ, ಯಾವುದಕ್ಕೆ ದುರ್ಲಭ ಎಂಬುದು ಅರ್ಥವಾಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಮೋಟಾರು ಕಾರ್ಖಾನೆಯೊಂದನ್ನು ಸ್ಥಾಪಿಸಬೇಕೆಂದು ಯೋಜನೆಯನ್ನು ಸಿದ್ಧಪಡಿಸಿ, 1935ರಲ್ಲಿ ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ ಅಲ್ಲಿಯ ಕಾರ್ಖಾನೆಗಳನ್ನು ಪರೀಕ್ಷಿಸಿ ಬಂದರು. ಬ್ರಿಟಿಷ್ ಸರ್ಕಾರದ ಬೆಂಬಲವು ದೊರೆಯದೆ ಆ ಯೋಜನೆಯು ಮೈಸೂರಿನಲ್ಲಿ ಕೈಗೂಡಲಿಲ್ಲ. ಅವರೊಡನೆ ಶ್ರಮಿಸಿದ ವಾಲಚಂದ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಿಂದ ವಿಮಾನದ ಕಾರ್ಖಾನೆಯನ್ನೂ, 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನೂ ಸ್ಥಾಪಿಸಿದರು. ಬಿರ್ಲಾ ಮನೆತನದವರು 1942ರಲ್ಲಿ ಆರಂಭಿಸಿದ ಹಿಂದೂಸ್ತಾನ್ ಮೋಟಾರ್ಸ್ ಮುಂದೆ ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ನೆಲೆಸಿತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಸಂಸ್ಥೆ. ಹೀಗೆ ಬಹುಕಾಲದವರೆಗೆ ಕಾರೆಂದರೆ ಈ ಮೂರು ಮನೆಗಳ ಮಕ್ಕಳೇ.

ಇವುಗಳಲ್ಲಿ ಹಿಂದೂಸ್ತಾನದವರ ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಹುಟ್ಟಿ, 1950ರ ದಶಕದ ಕೊನೆಯಿಂದ 2014ರವರೆಗೆ, ಐವತ್ತೈದು ವರ್ಷಕ್ಕೂ ಮೀರಿ ಒಂದೇ ಆಕಾರದಲ್ಲಿ ತಯಾರಾಯಿತು. ಪ್ರೀಮಿಯರಿನವರ ಗಾಡಿಯು ಇಟಲಿಯ ಫಿಯೆಟ್ 1100ರ ವಂಶದ್ದು. 1964ರಲ್ಲಿ ಬಂದ ಅದರ ರೂಪವೇ 1970ರ ದಶಕದಲ್ಲಿ ಪದ್ಮಿನಿಯೆಂಬ ಹೆಸರನ್ನು ಪಡೆದು ಶತಮಾನದ ಕೊನೆಯವರೆಗೆ ನಡೆಯಿತು. ಆ ಕಾಲದ ಗಿರಾಕಿಗಳು ಇದನ್ನು ಹಳಿದರು. ಲೋಕವೆಲ್ಲ ಮುಂದೆ ಹೋಗುತ್ತಿರುವಾಗ ಇವರು ಮಾತ್ರ ಅಜ್ಜನ ಕಾಲದ ಗಾಡಿಯನ್ನೇ ಮಾರುತ್ತಿದ್ದಾರೆ, ಅದಕ್ಕೂ ವರ್ಷಗಟ್ಟಲೆ ಕಾಯಬೇಕು ಎಂದು ಗೊಣಗಿದರು. ಆ ಗೊಣಗಾಟವು ನಿಜವೇ. ಆದರೆ ಕಾಲಪುರುಷನ ಲೀಲೆಯನ್ನು ನೋಡಿರಿ: ಅಂದು ದೋಷವಾಗಿದ್ದುದೇ ಇಂದು ಹಳೆಯ ಕಾರಿನವನಿಗೆ ಗುಣವಾಗಿದೆ. ರೂಪವು ಬದಲಾಗದಿದ್ದುದರಿಂದ ಬಿಡಿಭಾಗಗಳೂ ಹೆಚ್ಚಾಗಿ ಬದಲಾಗಲಿಲ್ಲ. ಟ್ಯಾಕ್ಸಿಯವರೂ ಸರ್ಕಾರದವರೂ ಲಕ್ಷಗಟ್ಟಲೆ ಗಾಡಿಗಳನ್ನು ಓಡಿಸಿದುದರಿಂದ ಮೂಲ ಕಾರ್ಖಾನೆಯಲ್ಲದೆ ನೂರಾರು ಸಣ್ಣ ಕಾರ್ಖಾನೆಗಳೂ ಆ ಭಾಗಗಳನ್ನು ಮಾಡತೊಡಗಿದುವು. ತಾಯಿಬೇರು ಒಣಗಿದರೂ ಬಿಳಲುಗಳಿಂದ ಆಲದ ಮರವು ನಿಂತಿರುವಂತೆ, ಕಾರ್ಖಾನೆಯು ಮುಚ್ಚಿದ ಮೇಲೆಯೂ ಇವುಗಳ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಪೇಟೆಗಳಲ್ಲಿ ಹುಡುಕಿದರೆ ಸಿಕ್ಕುವುದುಂಟು.

ಇದರಿಂದ ಮೊದಲನೆಯ ನಿಯಮವು ಹೊರಡುತ್ತದೆ. ಅಪರೂಪದ ಕಾರು ನೋಡುವವನಿಗೆ ಹಬ್ಬ, ಇಟ್ಟುಕೊಂಡವನಿಗೆ ಉಪವಾಸ. ಇದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆಯವರು ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಆಧಾರದ ಮೇಲೆ ಡಾಲ್ಫಿನ್ ಎಂಬ ಪುಟ್ಟ ಗಾಡಿಯನ್ನು ಮಾಡಿದರು. ಅದರ ಮೈ ಗಾಜಿನ ನಾರಿನದು. ತುಕ್ಕಿನ ಭಯವೇ ಇಲ್ಲ. ಕ್ಷೇಮಕ್ಕೆ ಇದಕ್ಕಿಂತ ಉತ್ತಮವಾದುದುಂಟೇ ಎಂದು ತೋರಬಹುದು. ಆದರೆ ತಯಾರಾದ ಗಾಡಿಗಳ ಸಂಖ್ಯೆಯೇ ಸ್ವಲ್ಪವಾದುದರಿಂದ ಅದರ ಒಂದು ಸಣ್ಣ ಭಾಗ ಮುರಿದರೂ ಹುಡುಕಾಟವು ತೀರ್ಥಯಾತ್ರೆಯಾಗುತ್ತದೆ. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಸುಂದರವಾದ ಗಾಡಿ. ಅದರ ಮುಂಭಾಗವು ಪೂರ್ತಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುವುದರಿಂದ ಎಂಜಿನಿನ ಕೆಲಸವು ಅತ್ಯಂತ ಸುಲಭ. ಆದರೆ ಅದರ ತಯಾರಿಕೆಯು 1970ರ ದಶಕಕ್ಕೇ ಮುಗಿದುಹೋಯಿತು. 1984ರಲ್ಲಿ ಬಂದ ಕಾಂಟೆಸ್ಸಾ ಗಂಭೀರವಾದ ಸಲೂನು. ತರುಣರು ಅದನ್ನು ಬಹಳ ಮೆಚ್ಚುವರು. ಮೆಚ್ಚುವವರು ಹೆಚ್ಚಾದಂತೆ ಅದರ ಹೊರಮೈಯ ಭಾಗಗಳಿಗೆ ಬೆಲೆಯೂ ಹೆಚ್ಚು, ಬಡತನವೂ ಹೆಚ್ಚು. ಮಗನು ಸೂಚಿಸಿದ ಮಾರುತಿಯ ಎಸ್ಟೀಮ್ 1994ರಿಂದೀಚಿನದು. ಓಡಿಸಲು ಹಗುರ, ಪೆಟ್ರೋಲು ಮಿತ. ಅದೂ ಕೆಟ್ಟ ಆಯ್ಕೆಯೇನಲ್ಲ. ಮಾಸ್ತರರ ಮನಸ್ಸು ಮಾತ್ರ ಅಂಬಾಸಿಡರ್ ಮತ್ತು ಪದ್ಮಿನಿಗಳ ನಡುವೆ ತೂಗಾಡುತ್ತಿದ್ದಿತು.

ಎರಡನೆಯ ನಿಯಮವು ಕೈಗಳನ್ನು ಕುರಿತದ್ದು. ಭಾಗವು ಸಿಕ್ಕಿದರೆ ಸಾಲದು, ಅದನ್ನು ಜೋಡಿಸಬಲ್ಲವನು ಬೇಕು. ಹೆದ್ದಾರಿಯ ಬದಿಯಲ್ಲಿ ನಲವತ್ತು ವರ್ಷಗಳಿಂದ ಗ್ಯಾರೇಜನ್ನು ನಡಸುತ್ತಿರುವ ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ ಮಾಸ್ತರರು ಹೋದರು. ಆತನ ವಿದ್ಯೆಯು ಗುರುಕುಲದ್ದು. ಹತ್ತನೆಯ ವಯಸ್ಸಿನಲ್ಲಿ ಹೊಸಪೇಟೆಯ ಒಬ್ಬ ಉಸ್ತಾದನ ಕೈಕೆಳಗೆ ಸೇರಿ, ಮೊದಲೆರಡು ವರ್ಷ ಸ್ಪ್ಯಾನರುಗಳನ್ನು ತೊಳೆದು ಕೊಡುವುದರಲ್ಲಿಯೇ ಕಳೆದು, ಅನಂತರ ಎಂಜಿನನ್ನು ಮುಟ್ಟಿದವನು. ಕಾರ್ಬುರೇಟರನ್ನು ಕಿವಿಯಿಂದಲೇ ಹದಗೊಳಿಸುವನು. ಆತನ ಮಗನೂ ಅದೇ ಕಸುಬಿನವನೇ. ಆದರೆ ಅವನು ಪಟ್ಟಣದ ಷೋರೂಮಿನಲ್ಲಿ ಯಂತ್ರಕ್ಕೆ ಯಂತ್ರವನ್ನು ಸೇರಿಸಿ ಪರದೆಯ ಮೇಲೆ ರೋಗವನ್ನು ಓದುವವನು. ಅಪ್ಪನ ವಿದ್ಯೆ ಮಗನಿಗೆ ಬೇಡವಾಯಿತು. ಮಗನ ವಿದ್ಯೆ ಅಪ್ಪನಿಗೆ ಬಾರದು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಹೊಟ್ಟೆಯು ಯಾವ ವಿದ್ಯೆಯನ್ನು ಕೇಳುತ್ತದೆಯೋ ಮನುಷ್ಯನು ಅದನ್ನೇ ಕಲಿಯುವನು.

ಮೇಸ್ತ್ರಿಯು ಮಾಸ್ತರರ ಮಾತನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಸ್ತರ್ರೇ, ಗಾಡಿ ನಾನು ನೋಡಿಕೊಡ್ತೀನಿ. ಆದರೆ ನನಗೂ ಕಣ್ಣು ಮಂಜಾಗ್ಯಾವೆ. ಇನ್ನ ಐದು ವರ್ಷ ಆದ ಮ್ಯಾಲೆ ಯಾರನ್ನ ಕೇಳ್ತೀರಿ? ಭಾನುವಾರ ಭಾನುವಾರ ನಿಮ್ಮ ಮೊಮ್ಮಗನ್ನ ಕಳಿಸ್ರಿ. ನಿಮ್ಮ ಗಾಡೀನ ನಿಮ್ಮ ಮನಿಯವರೇ ಬಿಚ್ಚಿ ಕೂಡಿಸೋದು ಕಲೀಲಿ" ಎಂದನು. ಹಣದ ಮಾತನ್ನು ಅವನು ಎತ್ತಲೇ ಇಲ್ಲ. ಮಗಳ ಮಗನು ಅದೇ ಊರಿನ ಪ್ರೌಢಶಾಲೆಯಲ್ಲಿ ಓದುತ್ತಿದ್ದನು. ಹುಡುಗನು ಒಪ್ಪಿದನು, ಅವನ ತಾಯಿಯು ಬಟ್ಟೆಯೆಲ್ಲ ಎಣ್ಣೆಯಾಗುವುದೆಂದು ಮುಖವನ್ನು ಕಿವುಚಿದಳು. ಒಟ್ಟಿನಲ್ಲಿ ಕಾರು ಬರುವುದಕ್ಕೆ ಮುಂಚೆಯೇ ಅದರ ಕ್ಷೇಮಕ್ಕೆ ಒಬ್ಬ ಶಿಷ್ಯನು ಸಿದ್ಧನಾದನು.

ಮೂರನೆಯದು ಪರೀಕ್ಷೆ. ತರ್ಕದಲ್ಲಿ ಸ್ಥಾಲೀಪುಲಾಕ ನ್ಯಾಯವೆಂಬುದೊಂದುಂಟು. ಪಾತ್ರೆಯಲ್ಲಿಯ ಒಂದು ಅಗುಳನ್ನು ಹಿಚುಕಿ ನೋಡಿದರೆ ಅನ್ನವೆಲ್ಲ ಬೆಂದಿತೋ ಇಲ್ಲವೋ ಎಂಬುದು ತಿಳಿಯುತ್ತದೆ. ಹಳೆಯ ಕಾರಿಗೆ ಈ ನ್ಯಾಯವು ಸಲ್ಲುವುದಿಲ್ಲ. ಅದೇಕೆಂದರೆ ಅಗುಳುಗಳೆಲ್ಲವೂ ಒಂದೇ ಉರಿಯಲ್ಲಿ ಒಂದೇ ಹೊತ್ತು ಬೆಂದುವು. ಕಾರಿನ ಭಾಗಗಳಾದರೋ ಒಂದೊಂದೂ ಒಂದೊಂದು ವಯಸ್ಸಿನವು. ಎಂಜಿನು ಮೊನ್ನೆ ಬಿಚ್ಚಿ ಕಟ್ಟಿದುದಾಗಿರಬಹುದು, ಬ್ರೇಕು ಹತ್ತು ವರ್ಷದ್ದಾಗಿರಬಹುದು, ತಳದ ತಗಡು ಹುಟ್ಟಿದಂದಿನದಾಗಿರಬಹುದು. ಎಂಜಿನಿನ ಇಂಪಾದ ಸದ್ದನ್ನು ಕೇಳಿ ತಗಡೂ ಗಟ್ಟಿಯೆಂದು ಊಹಿಸಿದವನು ಮೋಸಹೋಗುವನು. ಹಾಗೆ ನೋಡಿದರೆ ಮುಖ್ಯವಾದದ್ದು ತಗಡೇ. ಎಂಜಿನಿಗೆ ಮದ್ದುಂಟು, ತುಕ್ಕಿಗೆ ಮದ್ದು ದುಬಾರಿ. ಅಂಬಾಸಿಡರಿಗೂ ಪದ್ಮಿನಿಗೂ ಲಾರಿಯಂತೆ ಪ್ರತ್ಯೇಕವಾದ ಚಾಸಿಯಿಲ್ಲ, ಮೈಯೇ ಎಲುಬು. ಬಾಗಿಲುಗಳ ಕೆಳಗಿನ ಉದ್ದನೆಯ ಪೆಟ್ಟಿಗೆಯಂಥ ಭಾಗವೂ, ಜಾಕನ್ನು ಕೊಡುವ ಸ್ಥಳವೂ, ಕಾಲಿಡುವ ನೆಲವೂ ತಿಂದುಹೋದರೆ ಗಾಡಿಯ ಬೆನ್ನೆಲುಬೇ ಮುರಿದಂತೆ. ಈ ವಿಷಯದಲ್ಲಿ ಒಣಸೀಮೆಯು ವರವಾಗಿದೆ. ಸಮುದ್ರತೀರದ ಉಪ್ಪುಗಾಳಿಯಲ್ಲಿ ಬಾಳಿದ ಗಾಡಿಗಿಂತ ಬಳ್ಳಾರಿ, ಚಿತ್ರದುರ್ಗಗಳ ಒಣಹವೆಯಲ್ಲಿ ಬಾಳಿದ ಗಾಡಿಯ ತಗಡು ಹೆಚ್ಚು ಕಾಲ ತಾಳುತ್ತದೆ. ಅದರ ಬದಲಿಗೆ ಇಲ್ಲಿಯ ಬಿಸಿಲು ರಬ್ಬರನ್ನೂ ಸೀಟಿನ ಹೊದಿಕೆಯನ್ನೂ ಬಿರಿಸುತ್ತದೆ. ಇವನ್ನು ಬದಲಾಯಿಸುವುದು ಕಷ್ಟವಲ್ಲ.

ಮಾಸ್ತರರೂ ಮೇಸ್ತ್ರಿಯೂ ಮೂರು ಗಾಡಿಗಳನ್ನು ನೋಡಿದರು. ಒಂದು ಪೇಟೆಯಲ್ಲಿ ಕಂಡ ಅಂಬಾಸಿಡರು ಮದುವಣಿಗನಂತೆ ಹೊಳೆಯುತ್ತಿದ್ದಿತು. ಮೇಸ್ತ್ರಿಯು ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ತೆಗೆದು ಬಾಗಿಲಿನ ಅಂಚಿಗೆ ಹಿಡಿದನು. ಅದು ಅಂಟದೆ ಕೆಳಗೆ ಬಿದ್ದಿತು. ಬಣ್ಣದ ಅಡಿಯಲ್ಲಿದ್ದುದು ಕಬ್ಬಿಣವಲ್ಲ, ಮೆತ್ತಿದ ಪುಟ್ಟಿ. ಎರಡನೆಯದು ಪದ್ಮಿನಿ. ಸಂಸ್ಕೃತದಲ್ಲಿ ಆ ಹೆಸರಿಗೆ ತಾವರೆಯ ಕೊಳವೆಂದೂ ಅರ್ಥವುಂಟು. ಗಾಡಿಯೂ ಹೆಸರಿಗೆ ತಕ್ಕಂತೆ ಚೆಲುವಾಗಿದ್ದಿತು. 1089 ಘನ ಸೆಂಟಿಮೀಟರಿನ ಅದರ ಎಂಜಿನು ಹಗುರವಾಗಿ, ಚುರುಕಾಗಿ ಓಡುತ್ತಿದ್ದಿತು. ಆದರೆ ಆ ಎಂಜಿನಿನ ತಲೆಯು ಅಲ್ಯುಮಿನಿಯಮಿನದು. ನೀರು ಒಮ್ಮೆ ತೀರಿ ಎಂಜಿನು ಕಾದರೆ ಅದು ಬಾಗುವ ಸಂಭವವುಂಟು. ಕೊಳವೆಬಾವಿಯ ಗಡಸುನೀರನ್ನೇ ರೇಡಿಯೇಟರಿಗೆ ಹುಯ್ಯುವ ಸೀಮೆಯಲ್ಲಿ, ಒಳಗೆ ಸುಣ್ಣವು ಕಟ್ಟಿ ಎಂಜಿನು ಕಾಯುವುದು ಸಾಮಾನ್ಯ. ಎಚ್ಚರದಿಂದ ನೋಡಿಕೊಳ್ಳುವವನಿಗೆ ಇದು ದೊಡ್ಡ ದೋಷವಲ್ಲವೆಂದು ಮೇಸ್ತ್ರಿಯೇ ಹೇಳಿದನು.

ಮೂರನೆಯದು ಹೊಸಪೇಟೆಯಲ್ಲಿ ಒಂದು ಮನೆಯವರು ತಾವೇ ಇಟ್ಟುಕೊಂಡಿದ್ದ, 1990ರ ದಶಕದ ಆರಂಭದ ಅಂಬಾಸಿಡರ್ ನೋವಾ. ಬಣ್ಣವು ಮಾಸಿತ್ತು, ಒಂದು ಕಡೆ ತರಚಿತ್ತು. ತಳವು ಗಟ್ಟಿಯಾಗಿತ್ತು. 1489 ಘನ ಸೆಂಟಿಮೀಟರಿನ ಅದರ ಪೆಟ್ರೋಲು ಎಂಜಿನು ಹಳೆಯ ಮಾರಿಸ್ ಕಾಲದ ರಚನೆಯದೇ. ತಲೆಯೂ ಎರಕದ ಕಬ್ಬಿಣವೇ. ಮುಚ್ಚಳವನ್ನು ಎತ್ತಿದರೆ ಎಂಜಿನಿನ ಸುತ್ತಲೂ ಕೈಯಾಡುವಷ್ಟು ಅವಕಾಶ. ಬಿದ್ದ ನಟ್ಟು ನೆಲಕ್ಕೇ ಬೀಳುತ್ತದೆ, ಯಾವುದೋ ಮೂಲೆಯಲ್ಲಿ ಮಾಯವಾಗುವುದಿಲ್ಲ. ಮೇಸ್ತ್ರಿಯು ತಣ್ಣಗಿರುವಾಗಲೇ ಎಂಜಿನನ್ನು ಎಬ್ಬಿಸಿ ಹೊಗೆಯನ್ನು ನೋಡಿದನು. ನೀಲಿಯಾದರೆ ಎಣ್ಣೆ ಸುಡುತ್ತಿದೆ, ಬಿಳಿಯಾಗಿ ನಿಲ್ಲದೆ ಬಂದರೆ ನೀರು ಒಳಗೆ ಸೇರುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ ಎಂದು ಹುಡುಗನಿಗೆ ಅಲ್ಲಿಯೇ ಪಾಠ ಹೇಳಿದನು. ಅನಂತರ ವಾಲ್ವುಗಳ ಪೀಠವನ್ನು ಬದಲಾಯಿಸಿದೆಯೇ ಎಂದು ಒಡೆಯನನ್ನು ಕೇಳಿದನು. ಈ ಪ್ರಶ್ನೆಗೆ ಕಾರಣವುಂಟು. ಹಿಂದೆ ಪೆಟ್ರೋಲಿನಲ್ಲಿ ಸೀಸವನ್ನು ಬೆರಸುತ್ತಿದ್ದರು. ಅದು ವಾಲ್ವಿನ ಪೀಠವನ್ನು ಸವೆಯದಂತೆ ಕಾಯುತ್ತಿದ್ದಿತು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಜನರ ಶ್ವಾಸಕ್ಕೆ ಅದು ಒಳ್ಳೆಯದಾಯಿತು. ಹಳೆಯ ಎರಕದ ತಲೆಗಳಿಗೆ ಮಾತ್ರ ಗಟ್ಟಿಯಾದ ಪೀಠಗಳನ್ನು ಕೂಡಿಸಬೇಕಾಯಿತು. ಹಾಗೆಯೇ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲು ಸೇರಿದೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ಆದುದರಿಂದ ಪೆಟ್ರೋಲಿನ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಈ ಕಾಲದ ರಬ್ಬರಿನವುಗಳಿಂದ ಬದಲಾಯಿಸುವುದು ಮೊದಲನೆಯ ಕೆಲಸ. ಸೋರಿದ ಪೆಟ್ರೋಲು ಬರಿಯ ನಷ್ಟವಲ್ಲ, ಬೆಂಕಿಗೆ ಆಹ್ವಾನ.

ನಾಲ್ಕನೆಯದು ಕಾಗದ. ಗಾಡಿಯು ಎಷ್ಟು ಚೆನ್ನಾಗಿದ್ದರೂ ದಾಖಲೆಯು ಸರಿಯಿಲ್ಲದಿದ್ದರೆ ಅದು ಅಂಗಳದ ಕೋಳಿಗೂಡು. ಸ್ವಂತದ ಕಾರಿಗೆ ಮೊದಲ ನೋಂದಣಿಯು 15 ವರ್ಷದ್ದು. ಅನಂತರ ಪ್ರತಿ 5 ವರ್ಷಕ್ಕೊಮ್ಮೆ ಗಾಡಿಯನ್ನು ತೋರಿಸಿ ನವೀಕರಿಸಬೇಕು. ಈ ನವೀಕರಣದ ಶುಲ್ಕವು 2022ರ ಏಪ್ರಿಲಿನಿಂದ 5,000 ರೂಪಾಯಿಗೆ ಏರಿತು; 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ 10,000 ರೂಪಾಯಿಯಾಯಿತು. ಹೊರರಾಜ್ಯದ ಗಾಡಿಯಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರವೂ ಇಲ್ಲಿಯ ತೆರಿಗೆಯೂ ಸೇರುತ್ತವೆ. 50 ವರ್ಷ ಮೀರಿ ಮೂಲರೂಪದಲ್ಲಿಯೇ ಇರುವ ಗಾಡಿಗಳಿಗೆ 2021ರಲ್ಲಿ ಪ್ರತ್ಯೇಕ ನಿಯಮಗಳು ಬಂದುವು. ಅವುಗಳ ನೋಂದಣಿ 10 ವರ್ಷಕ್ಕೆ, ಗೌರವವೂ ಹೆಚ್ಚು. ಆದರೆ ಆ ವರ್ಗದಲ್ಲಿ ಸೇರಿದ ಗಾಡಿಯನ್ನು ಪ್ರದರ್ಶನಕ್ಕೆ, ಹಳೆಯ ಕಾರುಗಳ ಮೆರವಣಿಗೆಗೆ, ದುರಸ್ತಿಗೆ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹೆಂಡತಿಯನ್ನು ತೌರಿಗೆ ಕರೆದುಕೊಂಡು ಹೋಗಬೇಕೆನ್ನುವವನಿಗೆ ಆ ಗೌರವದಿಂದ ಪ್ರಯೋಜನವಿಲ್ಲ. ಹೀಗಾಗಿ 1960ರ ದಶಕದ ಗಾಡಿಯ ಆಸೆಯನ್ನು ಮಾಸ್ತರರು ಬಿಟ್ಟರು.

ಇಷ್ಟೆಲ್ಲ ಆದಮೇಲೆಯೂ ನಿರ್ಣಯವನ್ನು ಕೊಟ್ಟವರು ಮಾಸ್ತರರಲ್ಲ, ಮೇಸ್ತ್ರಿಯಲ್ಲ. ಪದ್ಮಿನಿಯಲ್ಲಿಯೂ ನೋವಾದಲ್ಲಿಯೂ ಮನೆಯ ಯಜಮಾನಿಯನ್ನು ಒಮ್ಮೊಮ್ಮೆ ಕೂರಿಸಿ ನೋಡಿದರು. ಆಕೆ ಎರಡನೆಯದರಿಂದ ಇಳಿದು, ಬಾಗಿಲನ್ನು ಹಿಡಿದುಕೊಂಡೇ, "ಅದರೊಳಗ ಇಳೀಬೇಕು, ಇದರೊಳಗ ಕೂಡಬಹುದು" ಎಂದರು. ಅಂಬಾಸಿಡರಿನ ಸೀಟು ಎತ್ತರ, ಬಾಗಿಲು ಅಗಲ, ಮಂಡಿಯನ್ನು ಮಡಿಚದೆಯೇ ಹಿಂದಕ್ಕೆ ಜರುಗಿ ಕುಳಿತುಕೊಳ್ಳಬಹುದು. ಪುಸ್ತಕಗಳಲ್ಲಿಯೂ ಪಟ್ಟಿಗಳಲ್ಲಿಯೂ ಕಾಣದ ಪ್ರಮಾಣವಿದು. ಯಾರಿಗಾಗಿ ವಸ್ತುವೋ ಅವರ ದೇಹವೇ ಅದಕ್ಕೆ ಒರೆಗಲ್ಲು.

ಇನ್ನು ಮಗನ ಪ್ರಶ್ನೆಯು ಉಳಿಯಿತು. ಅದಕ್ಕೆ ಗಾಡಿಯು ಉತ್ತರವಲ್ಲ, ಮಿತಿಯು ಉತ್ತರ. ಹಳೆಯ ಕಾರನ್ನು ಪ್ರೀತಿಸುವವರು ಅದರ ಕೊರತೆಗಳನ್ನು ಮರೆಮಾಡುವುದುಂಟು. ಅದು ಪ್ರೀತಿಯಲ್ಲ, ಮೋಹ. ಆ ಕಾರಿಗೆ ಗಾಳಿಚೀಲಗಳಿಲ್ಲ. ಡಿಕ್ಕಿಯ ಪೆಟ್ಟನ್ನು ತಾನು ನುಂಗಿ ಒಳಗಿನವರನ್ನು ಉಳಿಸುವಂತೆ ಲೆಕ್ಕಹಾಕಿ ಕಟ್ಟಿದ ಮೈಯೂ ಇಲ್ಲ. ಅದರ ತಗಡು ದಪ್ಪವೆಂದು ಹೆಮ್ಮೆಪಡುವವರು, ದಪ್ಪವಾದ ತಗಡು ಪೆಟ್ಟನ್ನು ಒಳಗಿನವರಿಗೇ ದಾಟಿಸುವುದೆಂಬುದನ್ನು ತಿಳಿಯರು. ಡ್ರಮ್ಮಿನ ಬ್ರೇಕುಗಳು ಈಗಿನವುಗಳಂತೆ ಥಟ್ಟನೆ ಹಿಡಿಯವು. ನಾಲ್ಕು ಸಾಲಿನ ಹೆದ್ದಾರಿಯಲ್ಲಿ ಬಸ್ಸುಗಳೂ ಲಾರಿಗಳೂ ಬಾಣದಂತೆ ಬರುವಾಗ ಇಂಥ ಗಾಡಿಯು ಅಲ್ಲಿ ವೇಗಕ್ಕೆ ಪೈಪೋಟಿ ಮಾಡತಕ್ಕದ್ದಲ್ಲ. ಆದಕಾರಣ ಮಗನೂ ತಂದೆಯೂ ಕುಳಿತು ಒಂದು ಒಪ್ಪಂದವನ್ನು ಮಾಡಿಕೊಂಡರು. ದಾವಣಗೆರೆಯ ಆಸ್ಪತ್ರೆಗೆ ಹೋಗುವ ದಿನ ಬಾಡಿಗೆಯ ಹೊಸ ಕಾರು. ಅದರ ಹಣವನ್ನು ಮಗನು ಕೊಡತಕ್ಕದ್ದು. ಕತ್ತಲಾದ ಮೇಲೆ ಹಳೆಯ ಗಾಡಿಯು ಹೊರಡತಕ್ಕದ್ದಲ್ಲ. ಸೀಟಿನ ಪಟ್ಟಿಗಳನ್ನು ಹಾಕಿಸದೆ ಗಾಡಿಯು ಮನೆಯಿಂದ ಕದಲತಕ್ಕದ್ದಲ್ಲ. ಹಳ್ಳಿಯ ದಾರಿಗಳಲ್ಲಿ, ಹಗಲಿನಲ್ಲಿ, ಅವಸರವಿಲ್ಲದ ಪ್ರಯಾಣಗಳಿಗೆ ಅದು. ನಿಂತರೆ ಮರದ ನೆರಳಿನಲ್ಲಿ ನಿಲ್ಲಲಿ; ಅಲ್ಲಿ ಯಾರ ಪ್ರಾಣವೂ ಕಾಯುತ್ತಿರಬಾರದು. ಈ ಒಪ್ಪಂದದಿಂದ ಮಗನ ಭಯವೂ ತಂದೆಯ ಆಸೆಯೂ ಒಂದನ್ನೊಂದು ಕೊಲ್ಲದೆ ಉಳಿದುವು.

ಈಗ ಆ ಮನೆಯಲ್ಲಿ ಪಂಚಾಂಗದ ಪಕ್ಕದಲ್ಲಿಯೇ ಕಾರಿನ ದಿನಚರಿಯೂ ತೂಗುತ್ತದೆ. ಬೆಳಗ್ಗೆ ಹೊರಡುವ ಮುಂಚೆ ಎಣ್ಣೆ, ನೀರು, ಗಾಳಿ. ಹೊರಟ ಮೇಲೆ ಹತ್ತು ಮಾರಿನೊಳಗೆ ಬ್ರೇಕು. ರೇಡಿಯೇಟರಿಗೆ ಕೊಳವೆಬಾವಿಯ ನೀರಿಲ್ಲ. ಶುದ್ಧನೀರಿನೊಡನೆ ಕೂಲಂಟನ್ನು ಬೆರಸಿ ಹುಯ್ಯುವರು. ಮುಂದಿನ ಚಕ್ರಗಳ ಕೀಲುಗಳಿಗೆ ತಪ್ಪದೆ ಗ್ರೀಸು. ಕೆಂಪುಧೂಳು ಹೆಚ್ಚಾದ ತಿಂಗಳುಗಳಲ್ಲಿ ಗಾಳಿಯ ಜಾಲರಿಯನ್ನು ಬೇಗ ಬೇಗ ಶುದ್ಧಮಾಡುವುದು. ಶೇಂಗಾ ಮನೆಗೆ ಬರುವ ಕಾಲದಲ್ಲಿ ಇಲಿಗಳು ವಯರನ್ನು ಕಡಿಯದಂತೆ ಗಾಡಿಯನ್ನು ಚೀಲಗಳಿಂದ ದೂರ ನಿಲ್ಲಿಸುವುದು. ಬಹಳ ದಿನ ಸುಮ್ಮನೆ ನಿಲ್ಲಿಸದೆ ವಾರಕ್ಕೊಮ್ಮೆಯಾದರೂ ಎರಡು ಹರದಾರಿ ಓಡಿಸುವುದು. ನಿಂತ ಗಾಡಿಯು ಓಡುವ ಗಾಡಿಗಿಂತ ಬೇಗ ಕೆಡುತ್ತದೆ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ನಡುವೆ ಸುಮಾರು 0.4 ಮಿಲಿಮೀಟರು ಅಂತರವಿರಬೇಕೆಂಬುದನ್ನು ಹುಡುಗನು ಈಗ ಬಾಯಿಪಾಠವಾಗಿ ಹೇಳುವನು. ಮೊದಮೊದಲು ಲೋಹದ ಹಾಳೆಯನ್ನು ತೂರಿಸಿ ಅಳೆಯುತ್ತಿದ್ದವನು ಈಚೆಗೆ ಕಣ್ಣಳತೆಯಿಂದಲೇ ಇಟ್ಟು, ಆಮೇಲೆ ಹಾಳೆಯಿಂದ ಪರೀಕ್ಷಿಸುತ್ತಾನೆ. ಮೇಸ್ತ್ರಿಯು ಬೆಂಚಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ಎಂಜಿನಿನ ಸದ್ದನ್ನು ಮಾತ್ರ ಕೇಳಿ, "ಒಂದು ಕೂದಲು ಜಾಸ್ತಿ ಐತಿ, ತಮ್ಮಾ" ಎಂದರೆ ಹುಡುಗನು ಮತ್ತೆ ಮುಚ್ಚಳವನ್ನು ತೆಗೆಯುತ್ತಾನೆ.

ಹೊಸದನ್ನು ಕಟ್ಟಿಸುವುದಕ್ಕಿಂತ ಹಳೆಯದನ್ನು ಉದ್ಧರಿಸುವುದು ಹೆಚ್ಚಿನ ಪುಣ್ಯವೆಂದು ದೇವಾಲಯ, ಕೆರೆಗಳ ವಿಷಯದಲ್ಲಿ ಹಿರಿಯರು ಹೇಳುವರು. ಕಾರು ದೇವಾಲಯವಲ್ಲ, ಅದರಿಂದ ಪುಣ್ಯವನ್ನು ಬಯಸುವುದು ಹಾಸ್ಯಾಸ್ಪದ. ಆದರೂ ಒಂದು ಜೀರ್ಣೋದ್ಧಾರದಲ್ಲಿ ಉಳಿಯುವುದು ವಸ್ತುವೊಂದೇ ಅಲ್ಲ. ಅದನ್ನು ಉಳಿಸಬಲ್ಲ ಕೈಯೂ ಉಳಿಯುತ್ತದೆ. ಹಳೆಯ ಸಲೂನೊಂದನ್ನು ಕೊಳ್ಳಬೇಕೆಂಬ ವಾಚಕರಿದ್ದರೆ ಅವರು ಗಾಡಿಯನ್ನು ಹುಡುಕುವುದಕ್ಕೆ ಮುಂಚೆ ತಮ್ಮ ಊರಿನ ಮೇಸ್ತ್ರಿಯನ್ನು ಹುಡುಕಲಿ. ಆತನಿಗೆ ಯಾವ ಗಾಡಿ ತಿಳಿದಿದೆಯೋ ಅದನ್ನೇ ಕೊಳ್ಳಲಿ. ಮನೆಯ ಒಂದು ಮಗುವನ್ನು ಆತನ ಬಳಿಗೆ ಕಳುಹಿಸಲಿ. ಈ ವರ್ಷದ ಕೊಟ್ಟೂರಿನ ತೇರಿಗೆ ಮಾಸ್ತರರ ಮನೆಯವರು ತಮ್ಮ ಗಾಡಿಯಲ್ಲಿಯೇ ಹೋಗಿ, ಹೊತ್ತು ಮುಳುಗುವುದಕ್ಕೆ ಮುಂಚೆಯೇ ಹಿಂದಿರುಗಿದರು. ಹಿಂದಿನ ಸೀಟಿನಲ್ಲಿ ಯಜಮಾನಿಯೂ, ಆಕೆಯ ಪಕ್ಕದಲ್ಲಿ, ಬಹಳ ಬೇಡವೆಂದರೂ ಕೇಳದೆ ಕರೆದೊಯ್ದ ವೃದ್ಧ ಮೇಸ್ತ್ರಿಯ ಹೆಂಡತಿಯೂ ಇದ್ದರು.